ದುರ್ಗದಿಂದ ತಂದ ಪವರ್ ಬ್ಯಾಂಕ್

ಗಾಳಿಮಳೆಗೆ ಕರೆಂಟಿನ ಹನ್ನೊಂದು ಕಂಬ ಉರುಳಿದ ಮೂರನೆಯ ದಿನ ಪಾಲಯ್ಯ ಹಿರಿಯೂರಿನಿಂದ ಒಂದು ಪವರ್ ಬ್ಯಾಂಕ್ ತಂದ. ಧರ್ಮಪುರದ ರಸ್ತೆಯಲ್ಲಿ ಬಸ್ಸಿಳಿದು ಹಟ್ಟಿಯವರೆಗೆ ಒಂದೂವರೆ ಮೈಲಿ ನಡೆದು ಬಂದವನು ಕಾಲು ತೊಳೆಯುವುದಕ್ಕೂ ಮೊದಲು ಸೊಸೆಯನ್ನು ಕೂಗಿದ.

“ಸುಸ್ಮಿತಾ, ತಗ ತಾಯಿ. ಐವತ್ತು ಸಾವ್ರದ್ದಂತೆ. ಇದಕ್ಕಿಂತ ದೊಡ್ದು ಅಂಗ್ಡ್ಯಾಗೇ ಇಲ್ಲ.”

“ಐವತ್ತು ಸಾವ್ರನಾ!” ಒಳಗಿನಿಂದ ದುರುಗಕ್ಕ ಸೌಟು ಹಿಡಿದುಕೊಂಡೇ ಬಂದಳು. “ಯಾರನ್ನ ಕೇಳಿ ಕೊಟ್ರಿ ಅಷ್ಟು ದುಡ್ಡ?”

“ಲೇ, ಅದು ರೇಟಲ್ಲ. ಅದ್ರ ಶಕ್ತಿ. ರೇಟು ಒಂಬೈನೂರು.”

ಸುಷ್ಮಿತಾ ನಗಲಿಲ್ಲ. ಕಡಲೇಕಾಯಿ ಮೂಟೆಗಳ ಪಕ್ಕ ಮೇಜು ಹಾಕಿಕೊಂಡಿದ್ದ ಕೋಣೆಗೆ ಹೋಗಿ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದಳು. ಪರದೆಯ ಮೂಲೆಯಲ್ಲಿ ಮೂವತ್ತೊಂದು ಅಂತ ಇತ್ತು. ಈ ಚಾರ್ಜರ್ ಸಾಲದು ಎಂಬ ಒಂದು ಸಾಲು ಬಂದು ಮಾಯವಾಯಿತು. ಮಾವ, ಅತ್ತೆ, ಊರುಗೋಲು ಹಿಡಿದು ಬಾಗಿಲಿಗೆ ಬಂದ ಗಂಡ ಪ್ರದೀಪ್ ಮೂವರೂ ನೋಡುತ್ತಿದ್ದ ಹಾಗೇ ಮೂವತ್ತೊಂದು ಮೂವತ್ತಾಯಿತು, ಇಪ್ಪತ್ತೊಂಬತ್ತಾಯಿತು.

“ಇಳೀತೈತಲ್ಲ?” ಅಂದ ಪಾಲಯ್ಯ. “ಏರ್ಬೇಕಲ್ವಾ ಅದು?”

“ಇದು ಫೋನಿಗೆ ಸರಿ ಮಾವ. ಲ್ಯಾಪ್‌ಟಾಪಿಗೆ ಇನ್ನೂ ಜೋರಾಗಿ ಕೊಡೋದು ಬೇಕು. ನಾನೇ ಸರಿಯಾಗಿ ಬರ್ದು ಕೊಡ್ಲಿಲ್ಲ.”

ಪಾಲಯ್ಯ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ದುರುಗಕ್ಕ ಊಟಕ್ಕೆ ಕರೆದರೂ ತುಂಬ ಹೊತ್ತು ಏಳಲಿಲ್ಲ.

ಸುಷ್ಮಿತಾ ಹೊಳಲ್ಕೆರೆಯವಳು, ಬಿ.ಕಾಂ. ಓದಿದವಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲೇ ಕೂತು ಮಾಡುವ ಈ ಕೆಲಸ ಸಿಕ್ಕಿದ್ದು ಮಾರ್ಚಿನಲ್ಲಿ. ಯಾವ್ಯಾವುದೋ ಊರಿನ ಆಸ್ಪತ್ರೆಗಳ ಬಿಲ್ಲು, ಔಷಧಿ ಚೀಟಿಗಳನ್ನು ಓದಿ ವಿಮೆಗೆ ಹೊಂದುತ್ತದೋ ಇಲ್ಲವೋ ನೋಡಿ ದಾಖಲಿಸುವುದು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಇರಬೇಕು. ರೋಗಿಗಳ ಕಾಗದ ಬೇರೆಯವರ ಕಣ್ಣಿಗೆ ಬೀಳಬಾರದು ಅಂತ ಆಗಾಗ ಕ್ಯಾಮೆರಾ ಹಾಕಿಸಿ ನೋಡುತ್ತಿದ್ದರು. ಹೇಳದೆ ಕೇಳದೆ ಹದಿನೈದು ನಿಮಿಷ ಕಾಣದಾದರೆ ಒಂದು ಕೆಂಪು ಗುರುತು. ಮೂರು ಗುರುತು ಬಿದ್ದರೆ, ಮೊದಲ ಮೂರು ತಿಂಗಳಲ್ಲಿ, ಕೆಲಸ ಉಳಿಯುವುದು ಅನುಮಾನ. ಆ ಮೂರು ತಿಂಗಳು ಮುಗಿಯುವುದಕ್ಕೆ ಇನ್ನು ಇಪ್ಪತ್ತು ದಿನ ಇತ್ತು.

ಆ ಕೆಲಸದ ಮೇಲೆಯೇ ಮನೆ ನಡೆಯುತ್ತಿತ್ತು. ಫೆಬ್ರವರಿಯಲ್ಲಿ ಈರುಳ್ಳಿ ಹೇರಿಕೊಂಡು ದಾವಣಗೆರೆಗೆ ಹೊರಟಿದ್ದ ಪ್ರದೀಪನ ಲಗೇಜ್ ಆಟೋ ಐಮಂಗಲದ ಹತ್ತಿರ ಮಗುಚಿ ಅವನ ತೊಡೆಯ ಮೂಳೆ ಮುರಿದಿತ್ತು. ಈರುಳ್ಳಿ ಪಕ್ಕದ ಮನೆ ಬಾಲರಾಜುವಿನದು. ಅವನೂ ಗಾಡಿಯಲ್ಲೇ ಇದ್ದ. ಭುಜದ ಚರ್ಮ ಕಿತ್ತುಹೋಗಿ ರಕ್ತ ಸುರಿಯುತ್ತಿದ್ದರೂ ಪ್ರದೀಪನನ್ನು ಎಳೆದು ಹೆಗಲ ಮೇಲೆ ಹೊತ್ತು ಬೇರೆ ಗಾಡಿಗೆ ಹಾಕಿಸಿದವನು ಅವನೇ. ಹೆದ್ದಾರಿಯ ತುಂಬ ಚೆಲ್ಲಿಹೋದ ಈರುಳ್ಳಿಯ ಮಾತನ್ನು ಈವರೆಗೆ ಒಂದು ಸಲವೂ ಎತ್ತಿರಲಿಲ್ಲ.

ಮಾರನೆಯ ದಿನ ಪಾಲಯ್ಯ ಮತ್ತೆ ಹೊರಟ. ಹಿರಿಯೂರಿನ ಅಂಗಡಿಯವನು ನೂರು ರೂಪಾಯಿ ಹಿಡಿದುಕೊಂಡು ಹಳೆಯದನ್ನು ವಾಪಸು ತೆಗೆದುಕೊಂಡ. ಅಲ್ಲಿಂದ ಪಾಲಯ್ಯ ಚಿತ್ರದುರ್ಗದ ಬಸ್ಸು ಹತ್ತಿದ. ಜೇಬಿನಲ್ಲಿ ಸೊಸೆ ಬರೆದುಕೊಟ್ಟ ಚೀಟಿ ಇತ್ತು: ಅರವತ್ತೈದು ವ್ಯಾಟ್, ಟೈಪ್ ಸಿ, ಲ್ಯಾಪ್‌ಟಾಪಿಗೆ ಹಾಕಿ ತೋರಿಸಿ. ದುರ್ಗದ ಅಂಗಡಿಯವನು ಚೀಟಿ ಓದಿ ನಕ್ಕರೂ ಪಾಲಯ್ಯ ಬಿಡಲಿಲ್ಲ. ಅಂಗಡಿಯ ಲ್ಯಾಪ್‌ಟಾಪಿಗೇ ಸಿಕ್ಕಿಸಿ, ಅಂಕಿ ಐದು ಸಲ ಏರುವುದನ್ನು ನಿಂತು ನೋಡಿ, ಆಮೇಲೆ ದುಡ್ಡು ಕೊಟ್ಟ.

ಇದು ಏರಿತು. ಮನೆಯವರೆಲ್ಲ ಕೋಣೆಯ ಬಾಗಿಲಲ್ಲಿ ನಿಂತು ನಲವತ್ತು ನಲವತ್ತೊಂದಾಗುವುದನ್ನು ನೋಡಿದರು.

“ಈಗ ಉಣ್ರಿ ಬರ್ರಿ,” ಅಂದಳು ದುರುಗಕ್ಕ. “ಹುರುಳಿ ಸಾರು ಆರೋಗ್ತೈತೆ.”

ಅಲ್ಲಿಂದ ಮನೆಯ ದಿನಚರಿಯೇ ಬದಲಾಯಿತು. ಧರ್ಮಪುರಕ್ಕೆ ನಾಲ್ಕನೆಯ ದಿನವೇ ಕರೆಂಟು ಬಂದಿತ್ತು. ಸಂಜೆ ಐದಕ್ಕೆ ಸುಷ್ಮಿತಾ ಕೆಲಸ ಮುಗಿಸುತ್ತಿದ್ದಂತೆ ಪಾಲಯ್ಯ ಲ್ಯಾಪ್‌ಟಾಪು, ಪವರ್ ಬ್ಯಾಂಕು, ಪ್ರದೀಪನ ಫೋನು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋಗುತ್ತಿದ್ದ. ಅಲ್ಲಿ ಲಕ್ಷ್ಮೀಕಾಂತನ ಜೆರಾಕ್ಸ್ ಅಂಗಡಿಯಲ್ಲಿ ಎರಡು ಗಂಟೆ ಕೂತು ಎಲ್ಲ ತುಂಬಿಸಿಕೊಂಡು ಕೊನೆಯ ಬಸ್ಸಿಗೆ ಬರುತ್ತಿದ್ದ. ಹಟ್ಟಿಯ ಇನ್ನೂ ನಾಲ್ಕೈದು ಮನೆಯವರು ತಮ್ಮ ಫೋನುಗಳನ್ನೂ ಅವನ ಚೀಲಕ್ಕೆ ಹಾಕುತ್ತಿದ್ದರು. ದುರುಗಕ್ಕ ಬೆಳಗಾದರೆ ಕೊಡ ಹೊತ್ತು ಡೀಸೆಲ್ ಪಂಪಿನ ಬಾವಿಗೆ ಹೋಗಬೇಕಿತ್ತು. ಮಿಕ್ಸಿ ಇಲ್ಲದೆ ಚಟ್ನಿಗೆ ಒರಳು ತೊಳೆದಿದ್ದಳು. ಗಿರಣಿ ನಿಂತಿದ್ದರಿಂದ ರಾಗಿ ಹಿಟ್ಟನ್ನು ಅಳೆದು ಅಳೆದು ಮುದ್ದೆ ಮಾಡುತ್ತಿದ್ದಳು. ಲೈನ್‌ಮನ್‌ಗೆ ಫೋನು ಮಾಡಿದರೆ ಅವನು ಪಾಪ ಹದಿನೆಂಟು ಹಳ್ಳಿಯ ಕಂಬ ನೆಡಿಸುತ್ತಿದ್ದ. “ನಾಳೆ ನಿಮ್ದೇ,” ಅನ್ನುತ್ತಿದ್ದ.

ಸುಷ್ಮಿತಾ ತನ್ನ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಲ್ಯಾಪ್‌ಟಾಪು ತಾನಾಗಿ ಮೂರೂವರೆ ಗಂಟೆ. ಪವರ್ ಬ್ಯಾಂಕಿನಿಂದ ಐದೂವರೆ. ಒಟ್ಟು ಒಂಬತ್ತು. ಒಂದೇ ಒಂದು ಫೋನನ್ನು ಅದರಲ್ಲಿ ಪೂರ್ತಿ ತುಂಬಿಸಿದರೂ ಎರಡು ಗಂಟೆ ಹೋದ ಹಾಗೆ.

ಏಳನೆಯ ದಿನ ಮಧ್ಯಾಹ್ನ ಮೂರಕ್ಕೆ ಪರದೆ ಕಪ್ಪಾಯಿತು. ಅವಳು ಗಾಬರಿಯಾಗಿ ಪವರ್ ಬ್ಯಾಂಕ್ ತಿರುಗಿಸಿ ನೋಡಿದಳು. ಸೊನ್ನೆ. ಹೊರಗೆ ಓಡಿ ಬಂದಳು.

“ಅತ್ತೆ, ಬೆಳಿಗ್ಗೆ ಇದನ್ನ ಯಾರಿಗಾದ್ರೂ ಕೊಟ್ಟಿದ್ರಾ?”

ದುರುಗಕ್ಕ ಅಕ್ಕಿ ಆರಿಸುತ್ತಿದ್ದಳು. “ಪಕ್ಕದ್ ಮನೆ ಯಶೋದ ಬಂದಿದ್ಲು. ಆಮೇಲೆ ಉಚ್ಚಂಗೆಮ್ಮನ ಮನೇರು. ಒಂದೀಟು ಹೊತ್ತು ಹಾಕ್ಕೊಂಡ್ರು. ಯಾಕೆ?”

“ಯಾಕೆ ಅಂತೀರಲ್ಲ! ಲ್ಯಾಪ್‌ಟಾಪ್ ಆಫ್ ಆತು. ಇವತ್ತು ಕೆಂಪು ಗುರುತು.”

“ಗುರುತು ಬೀಳ್ತೈತೆ ಅಂತ ಮನೆ ಬಾಗ್ಲಿಗೆ ಬಂದೋರ್ನ ಇಲ್ಲ ಅಂತ ಕಳ್ಸಾಕಾಗ್ತೈತೇನವ್ವ? ಯಶೋದನ ಮಗ್ಳು ಸ್ವಾತಿ ತುಂಬಿದ್ ಬಸ್ರಿ, ಬಿಪಿ ಜಾಸ್ತಿ ಅಂತ ದುರ್ಗದ ಆಸ್ಪತ್ರ್ಯಾಗೆ ಮಲ್ಗವ್ಳೆ. ಬಾಲರಾಜು ಅಲ್ಲೇ ಅವ್ನೆ. ಇವ್ಳು ಕುರಿ ಮರಿ ಬಿಟ್ಟು ಹೋಗಂಗಿಲ್ಲ, ಫೋನು ಕಾಯ್ಕಂಡು ಕುಂತವ್ಳೆ.”

“ಅವ್ರಿಗೆ ಕೊಡ್ಬ್ಯಾಡ ಅಂತ ನಾನೆಲ್ಲಿ ಅಂದೆ? ನನ್ನ ಕೇಳಿ ಕೊಡ್ರಿ ಅಂತೀನಿ.”

“ನಿನ್ನ ಕೇಳಾಕೆ ಬಾಗ್ಲು ಹಾಕ್ಕಂಡಿರ್ತೀಯಲ್ಲ!”

ಅವತ್ತು ಸಂಜೆ ಊಟದ ಹೊತ್ತಿನಲ್ಲೂ ಅದೇ ಮಾತು ಮುಂದುವರಿಯಿತು. ಪ್ರದೀಪ್ ತಟ್ಟೆಯಿಂದ ಕಣ್ಣೆತ್ತದೆ, “ಸ್ವಲ್ಪ ದಿನ ಹೊಳಲ್ಕೆರೆಗಾದ್ರೂ ಹೋಗ್ಬಾರ್ದಾ?” ಅಂದ.

“ನಮ್ಮಣ್ಣನ ಮನೇಲಿ ಇರೋದೇ ಒಂದು ಕೋಣೆ. ಅದ್ರಾಗೆ ಎರಡು ಮಕ್ಳು. ಬಾಗ್ಲು ಎಲ್ಲಿಂದ ಹಾಕ್ಲಿ? ನಿಮ್ಮ ಕಾಲಿಗೆ ದಿನಾ ಡ್ರೆಸ್ಸಿಂಗ್ ಯಾರು ಮಾಡ್ತಾರೆ?”

“ಇನ್ನೊಂದು ತಂದ್ರೆ?” ಅಂದ ಪಾಲಯ್ಯ.

“ನಾಳೆ ಕರೆಂಟ್ ಬಂದ್ರೆ ಅದನ್ನೇನು ಪೂಜೆ ಮಾಡಾಣ?” ಅಂದಳು ದುರುಗಕ್ಕ. ಅಲ್ಲಿಗೆ ಆ ಮಾತು ನಿಂತಿತು.

ಒಂಬತ್ತನೆಯ ದಿನ ಬಸ್ಸು ಕೆಟ್ಟು ಪಾಲಯ್ಯ ಅರ್ಧ ತುಂಬಿದ ಪವರ್ ಬ್ಯಾಂಕ್ ತಂದ. ಮರುದಿನ ಎರಡನೆಯ ಗುರುತು ಬಿತ್ತು. ಟೀಮ್ ಲೀಡರ್ ದಾಕ್ಷಾಯಿಣಿ ಮೇಡಂ ಫೋನು ಮಾಡಿ ಮೆತ್ತಗೆ ಹೇಳಿದರು. “ಸುಷ್ಮಿತಾ, ನಿಮ್ಮ ಕೆಲಸ ಚೆನ್ನಾಗಿದೆ. ಆದರೆ ಇದು ನನ್ನ ಕೈಲಿಲ್ಲ. ಗುರುವಾರ ಮಧ್ಯಾಹ್ನ ಕ್ವಾಲಿಟಿಯವರು ನೀವು ಕೆಲಸ ಮಾಡೋದನ್ನ ಎರಡು ಗಂಟೆ ನೇರವಾಗಿ ಕೂತು ನೋಡ್ತಾರೆ. ಅವತ್ತು ಮಾತ್ರ ಏನೂ ಆಗಬಾರದು.”

ಅವತ್ತಿನಿಂದ ಸುಷ್ಮಿತಾ ಪವರ್ ಬ್ಯಾಂಕನ್ನು ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದಳು. ದುರುಗಕ್ಕ ಅದನ್ನು ನೋಡಿದಳು. ಪಾತ್ರೆಗಳನ್ನು ಜೋರಾಗಿ ಇಟ್ಟಳು.

ಗುರುವಾರ ಹನ್ನೆರಡನೆಯ ದಿನ. ಪಾಲಯ್ಯ ಹೊಲದಲ್ಲಿದ್ದ. ದುರುಗಕ್ಕ ನೀರಿಗೆ ಹೋಗಿದ್ದಳು. ಪ್ರದೀಪ್ ನೋವಿನ ಮಾತ್ರೆ ನುಂಗಿ ಪಡಸಾಲೆಯಲ್ಲಿ ನಿದ್ದೆ ಹೋಗಿದ್ದ. ಅವನ ಫೋನು ಸುಷ್ಮಿತಾಳ ಮೇಜಿನ ಮೇಲಿತ್ತು. ಅದರ ನೆಟ್ಟಿನಿಂದಲೇ ಲ್ಯಾಪ್‌ಟಾಪು ನಡೆಯುತ್ತಿದ್ದದ್ದು. ಅದಕ್ಕೆ ಕರೆ ಬಂದು ಎತ್ತಿದರೆ ನೆಟ್ಟು ಕಡಿದುಹೋಗುತ್ತಿತ್ತು.

ಹನ್ನೆರಡೂಕಾಲಿಗೆ ಕ್ವಾಲಿಟಿಯವರು ಪರದೆಯ ಆ ಕಡೆ ಬಂದು ಕೂತರು. ಕ್ಯಾಮೆರಾ ಹಾಕಿಸಿದರು. ಕಿವಿಯಲ್ಲಿ ಒಬ್ಬ ಹೆಂಗಸಿನ ದನಿ, ಈ ಬಿಲ್ಲು ತೆಗೆಯಿರಿ, ಇದನ್ನೇಕೆ ತಡೆದಿರಿ, ಕಾರಣ ಹೇಳಿ ಎಂದು ಒಂದರ ಮೇಲೊಂದು ಕೇಳುತ್ತಿತ್ತು. ಸುಷ್ಮಿತಾ ಒಂದೊಂದಕ್ಕೂ ಕಾರಣ ಹೇಳುತ್ತ ಹೋದಳು.

ಕಿಟಕಿಯಲ್ಲಿ ಯಶೋದಾ ಬಂದು ನಿಂತಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ವೈರು.

“ಸುಸ್ಮಿತಾ, ರಾತ್ರಿಯೆಲ್ಲ ಮಾತಾಡಿ ಫೋನು ಸತ್ತೋಗೈತೆ ಕಣವ್ವ. ಹತ್ತೇ ನಿಮಿಷ ಹಾಕ್ಕೊಡು.”

ಹೊರಗಿನ ದನಿ ಅವರಿಗೆ ಕೇಳಿದರೆ ಕೋಣೆಯಲ್ಲಿ ಬೇರೆಯವರಿದ್ದಾರೆಂದು ಬರೆಯುತ್ತಾರೆ. ಸುಷ್ಮಿತಾ ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಆಡಿಸಿದಳು. ಯಶೋದಾ ಹೋಗಲಿಲ್ಲ.

“ಸ್ವಾತಿಗೆ ನೋವು ಬಂದೈತಂತೆ. ಅವರು ಫೋನು...”

ಸುಷ್ಮಿತಾ ಕೈಚಾಚಿ ಕಿಟಕಿಯ ಬಾಗಿಲನ್ನು ಎಳೆದು ಮುಚ್ಚಿದಳು.

ಅದಾಗಿ ಇಪ್ಪತ್ತು ನಿಮಿಷಕ್ಕೆ ಮೇಜಿನ ಮೇಲಿದ್ದ ಪ್ರದೀಪನ ಫೋನು ನಡುಗಿತು. ಬಾಲರಾಜಣ್ಣ ಅಂತ ಹೆಸರು ಬಂತು. ಅವಳು ಕಟ್ ಮಾಡಿದಳು. ಎರಡು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಕಟ್ ಮಾಡಿದಳು. ಮೂರನೆಯ ಸಲ ಬಂದಾಗ ಬೆರಳು ಒಂದು ಕ್ಷಣ ನಿಂತಿತು. ಕಿವಿಯಲ್ಲಿ ಆ ಹೆಂಗಸು, “ಸುಷ್ಮಿತಾ, ಕೇಳಿಸ್ತಾ ಇದೆಯಾ?” ಅಂದಳು. “ಕೇಳಿಸ್ತಿದೆ ಮೇಡಂ,” ಅನ್ನುತ್ತಲೇ ಕಟ್ ಮಾಡಿದಳು. ಆಮೇಲೆ ಕರೆ ಬರಲಿಲ್ಲ.

ಎರಡೂಕಾಲಿಗೆ ಎಲ್ಲ ಮುಗಿಯಿತು. ಚೆನ್ನಾಗಿ ಮಾಡಿದಿರಿ ಅಂದರು. ಸುಷ್ಮಿತಾ ಫೋನು ಕೈಗೆತ್ತಿಕೊಂಡು ಬಾಲರಾಜುವಿಗೆ ಮಾಡಿದಳು. ಬ್ಯುಸಿ ಬಂತು. ಮತ್ತೆ ಮಾಡಿದಳು, ಎತ್ತಲಿಲ್ಲ. ಪವರ್ ಬ್ಯಾಂಕ್ ತೆಗೆದುಕೊಂಡು ಯಶೋದಾಳ ಮನೆಗೆ ಓಡಿದಳು. ಬಾಗಿಲಿಗೆ ಚಿಲಕ ಹಾಕಿತ್ತು. ಕುರಿ ಅಟ್ಟಿಕೊಂಡು ಹೋಗಿರಬೇಕು ಅಂದುಕೊಂಡು ವಾಪಸು ಬಂದು ಕೆಲಸಕ್ಕೆ ಕೂತಳು. ಕೂತರೂ ಓದಿದ್ದು ತಲೆಗೆ ಹತ್ತಲಿಲ್ಲ.

ಸುದ್ದಿ ಬಂದದ್ದು ನಾಲ್ಕೂವರೆಗೆ. ಬಾಲರಾಜು ಹಾಲಿನ ಡೈರಿಯ ಬಸವೇಶನಿಗೆ ಫೋನು ಮಾಡಿ, ಬಸವೇಶ ಹೊಲಗಳ ತುಂಬ ಹುಡುಕಿ ಯಶೋದಾಳನ್ನು ಹಿಡಿದಿದ್ದ. ಸ್ವಾತಿಗೆ ಒಂದು ಗಂಟೆಯ ಹೊತ್ತಿಗೆ ಫಿಟ್ಸ್ ಬಂದಂತಾಗಿ ಎರಡಕ್ಕೆ ಆಪರೇಷನ್ ಮಾಡಿದ್ದರು. ಒಳಗೆ ಒಯ್ಯುವ ಮೊದಲು ಅವಳು ಅವ್ವನ ಹತ್ತಿರ ಒಂದೇ ಒಂದು ಸಲ ಮಾತಾಡಿಸಿ ಅಂತ ಗೋಗರೆದಿದ್ದಳಂತೆ. ಬಾಲರಾಜು ಹದಿನಾಲ್ಕು ಸಲ ಹೆಂಡತಿಗೆ ಮಾಡಿದ್ದ. ಹೆಣ್ಣು ಮಗು, ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತಾಯಿಗೆ ಇನ್ನೂ ಎಚ್ಚರ ಬಂದಿಲ್ಲ. ಹಿರಿಯೂರಿಗೆ ಹೋಗುವ ಬಸ್ಸು ಆಗಲೇ ದಾಟಿಹೋಗಿತ್ತು. ಯಶೋದಾ ಹೊರಟದ್ದು ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೆ.

ಸಂಜೆಯ ನೀರು ಹೊತ್ತು ಯಶೋದಾಳ ಮನೆಯ ಮೇಲೆ ಬಂದ ದುರುಗಕ್ಕ ಕೊಡವನ್ನೂ ಇಳಿಸದೆ ಅಂಗಳದಲ್ಲಿ ನಿಂತಳು.

“ಕಿಟ್ಕಿ ಹಾಕಿದ್ಯಂತಲ್ಲ? ಮುಖದ್ ಮ್ಯಾಲೆ?”

“ಅತ್ತೆ, ಅವ್ರು ನೋಡ್ತಿದ್ರು. ಕ್ಯಾಮೆರಾ ಇತ್ತು.”

“ಯಾರು ನೋಡ್ತಿದ್ರು? ಬೆಂಗ್ಳೂರಿನೋರು ನೋಡಿದ್ರೆ ಮರ್ಯಾದೆ, ಪಕ್ಕದ ಮನೇಳು ನೋಡಿದ್ರೆ ಏನೂ ಇಲ್ಲ? ನಿನ್ನ ಗಂಡ ಇವತ್ತು ಉಸ್ರಾಡ್ತಾ ಇರೋದು ಯಾರಿಂದ?”

“ಆ ಗಂಡನ ಔಷ್ಧಿ ಬರೋದು ಯಾವ ದುಡ್ನಾಗೆ ಅತ್ತೆ?” ಸುಷ್ಮಿತಾಳ ಬಾಯಿಂದ ಬಂದುಬಿಟ್ಟಿತು.

ಪಡಸಾಲೆಯಲ್ಲಿ ಪ್ರದೀಪ್ ತಲೆ ತಗ್ಗಿಸಿದ. ದುರುಗಕ್ಕ ಕೊಡ ಇಳಿಸಿ ಒಳಗೆ ಹೋದಳು. ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು. ಮುದ್ದೆ ಮಾಡುತ್ತಿದ್ದಳು, ತಟ್ಟೆಯನ್ನು ಕೋಣೆಯ ಹೊಸ್ತಿಲ ಬಳಿ ಇಡುತ್ತಿದ್ದಳು, ತಿಂದ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಅಷ್ಟೇ.

ಕಿಟಕಿಯ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಕರೆಯ ವಿಷಯ ಗೊತ್ತಿದ್ದದ್ದು ಸುಷ್ಮಿತಾಳಿಗೆ ಮಾತ್ರ. ಮಾರನೆಯ ದಿನ ಪ್ರದೀಪನಿಗೂ ಗೊತ್ತಾಯಿತು. ಫೋನು ನೋಡುತ್ತಿದ್ದವನು ಅವಳನ್ನು ಹತ್ತಿರ ಕರೆದು ಪರದೆ ತೋರಿಸಿದ. ಕೆಂಪು ಬಾಣದ ಗುರುತಿನ ಮೂರು ಸಾಲು.

“ನೀನಾ?”

ಅವಳು ತಲೆಯಾಡಿಸಿದಳು. ಅವನು ಮೂರನ್ನೂ ಅಳಿಸಿದ.

“ಅವ್ವಂಗೆ ಗೊತ್ತಾಗೋದು ಬ್ಯಾಡ,” ಅಂದ.

ದುರ್ಗದಿಂದ ಒಂದರ ಹಿಂದೊಂದು ಸುದ್ದಿ ಬರುತ್ತಿತ್ತು. ಸ್ವಾತಿ ಕಣ್ಣು ಬಿಟ್ಟಳು, ಮಗು ಹಾಲು ಚೀಪುತ್ತಿಲ್ಲ, ಮಗುವಿಗೆ ಕಾಮಾಲೆ. ಪ್ರತಿ ಸುದ್ದಿಗೂ ಸುಷ್ಮಿತಾ ಬೆಚ್ಚುತ್ತಿದ್ದಳು. ಬಿಲ್ಲುಗಳಲ್ಲಿ ನವಜಾತ ಶಿಶು ಎಂಬ ಪದ ಕಂಡರೆ ಆ ಕಾಗದವನ್ನು ಎರಡು ಸಲ ಓದಬೇಕಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಹೊಸ್ತಿಲ ಬಳಿ ಬಂದ ದುರುಗಕ್ಕ ಆ ಉಳಿದ ಮುದ್ದೆಯನ್ನು ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಹದಿನಾಲ್ಕನೆಯ ದಿನ ಬಾಲರಾಜು ಊರಿಗೆ ಬಂದ. ಬಟ್ಟೆ, ದುಡ್ಡು ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗುವವನಿದ್ದ. ಗಡ್ಡ ಬೆಳೆದಿತ್ತು. ಪಾಲಯ್ಯ ಕರೆದು ಕಟ್ಟೆಯ ಮೇಲೆ ಕೂರಿಸಿದ. ದುರುಗಕ್ಕ ಟೀ ತಂದಳು. ಪ್ರದೀಪ್ ಊರುಗೋಲು ಊರಿಕೊಂಡು ಬಂದು ಪಕ್ಕದಲ್ಲಿ ನಿಂತ. ಹೊತ್ತು ಹನ್ನೊಂದಾಗಿತ್ತು. ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಸುಷ್ಮಿತಾ ಕೆಲಸದಲ್ಲಿದ್ದಳು. ಕಿಟಕಿಯಾಚೆಗೇ ಕಟ್ಟೆ. ಮಾತೆಲ್ಲ ಕೇಳುತ್ತಿತ್ತು.

“ಮಗು ಹೆಂಗೈತಪ್ಪ?” ಅಂದಳು ದುರುಗಕ್ಕ.

“ಐತೆ ಅಕ್ಕ. ಇನ್ನೂ ನಾಕು ದಿನ ಪೆಟ್ಟಿಗ್ಯಾಗೇ ಇರ್ಬೇಕಂತೆ.” ಟೀ ಒಂದು ಗುಟುಕು ಕುಡಿದು ಅವನೇ ಅಂದ. “ಪ್ರದೀಪ, ಒಂದು ಮಾತು ಕೇಳ್ಬೇಕು ಅಂತಿದ್ದೆ. ಅವತ್ತು ನಿಂಗೂ ಮೂರ್ ಸಲ ಮಾಡ್ದೆ. ಎತ್ತಲಿಲ್ಲ ನೀನು.”

“ಫೋನು ಆಫ್ ಆಗಿತ್ತಣ್ಣ.”

“ಆಫ್ ಆಗಿದ್ರೆ ರಿಂಗಾಗ್ತಿರ್ಲಿಲ್ಲ. ರಿಂಗಾತು. ಮೂರ್ ಸಲಾನೂ ಯಾರೋ ಕಟ್ ಮಾಡಿದ್ರು.”

ಒಳಗೆ ಸುಷ್ಮಿತಾಳ ಬೆರಳುಗಳು ನಿಂತವು.

“ನಾನೇ ಅಣ್ಣ,” ಅಂದ ಪ್ರದೀಪ್. “ಮಾತ್ರೆ ತಗಂಡು ಮಲ್ಗಿದ್ದೆ. ನಿದ್ದೆಗಣ್ಣಾಗೆ ಕಟ್ ಮಾಡ್ದೆ. ಯಾರು ಅಂತಾನೂ ನೋಡ್ಲಿಲ್ಲ.”

ಬಾಲರಾಜು ಟೀ ಲೋಟ ಕೆಳಗಿಟ್ಟ. ಅರ್ಧ ಉಳಿದಿತ್ತು. “ಆತು ಬಿಡು,” ಅಂದು ಎದ್ದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಏನ್ ಜನ್ಮನೋ ನಿಂದು!” ಪಾಲಯ್ಯ ಮಗನ ಮೇಲೆ ಎಗರಿದ. ಅವನು ಮಗನಿಗೆ ಈ ದನಿಯಲ್ಲಿ ಮಾತಾಡಿದ್ದನ್ನು ಸುಷ್ಮಿತಾ ಕೇಳಿರಲೇ ಇಲ್ಲ. “ಹೆಗ್ಲ ಮ್ಯಾಲೆ ಹೊತ್ತು ತಂದ್ನಲ್ಲೋ ಅವ್ನು! ಮೂರ್ ಸಲ! ಮನುಷ್ಯ ಅನ್ನೋನು ಒಂದ್ ಸಲನಾದ್ರೂ ನೋಡ್ತಾನೆ!”

ಪ್ರದೀಪ್ ಊರುಗೋಲಿನ ತುದಿ ನೋಡುತ್ತ ನಿಂತ.

ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ಹಾಕಿ ಎಂಬ ಸೂಚನೆ ಬಂದು ಮಿನುಗುತ್ತಿತ್ತು. ಪವರ್ ಬ್ಯಾಂಕಿನ ಮೇಲೆ ಎಪ್ಪತ್ತೆರಡು ಅಂತ ಇತ್ತು. ಅವತ್ತು ಕರೆಂಟಿನ ತೊಂದರೆ ಏನೂ ಇರಲಿಲ್ಲ. ಸುಷ್ಮಿತಾ ಕಿವಿಯಿಂದ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಬಾಗಿಲು ತೆಗೆದು ಹೊರಗೆ ಬಂದಳು.

“ಬಾಲರಾಜಣ್ಣ, ನಿಂತ್ಕಳ್ರಿ.”

ಅವನು ಅಂಗಳ ದಾಟಿ ಹೋಗಿದ್ದ. ತಿರುಗಿ ನೋಡಿದ.

“ಇವ್ರು ಸುಳ್ಳು ಹೇಳ್ತವ್ರೆ. ಫೋನು ನನ್ನ ಹತ್ರ ಇತ್ತು. ನಾನೇ ಕಟ್ ಮಾಡಿದ್ದು. ನಿಮ್ಮ ಹೆಸ್ರು ನೋಡೇ ಕಟ್ ಮಾಡ್ದೆ. ಮೂರ್ ಸಲಾನೂ.”

“ಸುಷ್ಮಿತಾ, ಒಳಗೆ ಹೋಗು,” ಅಂದ ಪ್ರದೀಪ್.

“ಹೋಗಲ್ಲ. ಎತ್ತಿದ್ರೆ ನೆಟ್ ಹೋಗ್ತಿತ್ತು ಅಣ್ಣ. ಕೆಲ್ಸ ಹೋಗ್ತೈತೆ ಅಂತ ಹೆದ್ರಿಕ್ಯಾಗಿತ್ತು. ಯಶೋದಕ್ಕ ಆಗ ತಾನೇ ಬಂದು ಹೋಗಿದ್ರು. ಏನೋ ಆಗೈತೆ ಅಂತ ನಂಗೆ ಗೊತ್ತಾಗ್ಬೇಕಿತ್ತು. ಮೂರ್ನೇ ಸಲ ಗೊತ್ತಾತು. ಆದ್ರೂ ಎತ್ತಲಿಲ್ಲ.”

ಪಾಲಯ್ಯ ಕಟ್ಟೆಯ ಮೇಲೆ ಕುಸಿದು ಕೂತ. ದುರುಗಕ್ಕ ಸೊಸೆಯನ್ನೇ ನೋಡುತ್ತಿದ್ದಳು.

ಬಾಲರಾಜು ಎರಡು ಹೆಜ್ಜೆ ವಾಪಸು ಬಂದ. “ನಂಗ್ಯಾಕೆ ಹೇಳ್ತೀಯಮ್ಮ?” ಅಂದ. “ನಾನು ಗಂಡ್ಸು, ಅಲ್ಲೇ ಇದ್ದೆ. ಎಲ್ಲಾನೂ ಕಣ್ಣಾರೆ ನೋಡ್ದೆ. ಇಲ್ಲಿ ಏನೂ ಗೊತ್ತಿಲ್ದೆ ಕುರಿ ಕಾಯ್ತಾ ಇದ್ದೋಳು ಅವ್ಳು. ಹೇಳೋದಾದ್ರೆ ಅವ್ಳಿಗೆ ಹೇಳು.”

ಅವನು ಹೋದ. ಸುಷ್ಮಿತಾ ಒಳಗೆ ಬಂದಾಗ ಇಪ್ಪತ್ತೆರಡು ನಿಮಿಷವಾಗಿತ್ತು. ಪರದೆಯ ಮೇಲೆ ಮೂರನೆಯ ಗುರುತು ಬಿದ್ದಿತ್ತು.

ಸಂಜೆ ದಾಕ್ಷಾಯಿಣಿ ಮೇಡಂ ಫೋನು ಮಾಡಿದರು. “ಮತ್ತೆ ಕರೆಂಟಾ?”

“ಅಲ್ಲ ಮೇಡಂ. ಪಕ್ಕದ ಮನೆಯವರ ಹತ್ರ ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು. ಎದ್ದು ಹೋದೆ.”

“ಹಾಗಂತ ನಾನು ಬರೆಯೋಕಾಗುತ್ತಾ?”

“ನೀವು ಕೇಳಿದ್ರಿ, ಅದಕ್ಕೆ ಹೇಳಿದೆ.”

ಒಂದು ಗಂಟೆ ಬಿಟ್ಟು ಮತ್ತೆ ಫೋನು ಬಂತು. ಗುರುವಾರದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದ್ದರಿಂದ ತೆಗೆದುಹಾಕುತ್ತಿಲ್ಲ. ಆದರೆ ಖಾಯಂ ಮಾಡುತ್ತಿಲ್ಲ. ಇನ್ನೂ ಎರಡು ತಿಂಗಳು ಇದೇ ಸಂಬಳ, ಇದೇ ನಿಯಮ. “ಇನ್ನೊಂದು ಬಿದ್ದರೆ ನನ್ನನ್ನ ಕೇಳಬೇಡಿ ಸುಷ್ಮಿತಾ,” ಅಂದರು ಮೇಡಂ.

ಅವಳು ಅಡುಗೆಮನೆಯ ಬಾಗಿಲಿಗೆ ಬಂದು ಅಷ್ಟನ್ನೂ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಒಲೆಯ ಮುಂದೆ ಕೂತಿದ್ದ ದುರುಗಕ್ಕ ತಿರುಗದೆ ಕೇಳಿದಳು. ಎರಡು ದಿನ ಮುಚ್ಚಿದ್ದ ಬಾಯಿ ತೆರೆದದ್ದು ಆಗಲೇ.

“ನಾಳೆ ಐತ್ವಾರ, ರಜಾ ಐತಾ?”

“ಐತೆ ಅತ್ತೆ.”

“ಮೊದ್ಲು ಬಸ್ಸಿಗೆ ದುರ್ಗಕ್ಕೆ ಹೋಗಾಣ. ಬಾಣಂತಿಗೆ ಮೆಣಸಿನ ಸಾರು, ಅನ್ನ ಕಟ್ಕಂಡು ಹೋಗ್ಬೇಕು. ಬೆಳ್ಳುಳ್ಳಿ ಸುಲ್ದಿಡು.”

ಭಾನುವಾರ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಬುತ್ತಿಯ ಡಬ್ಬಿ ದುರುಗಕ್ಕನ ತೊಡೆಯ ಮೇಲಿತ್ತು. ಹಿರಿಯೂರು ದಾಟಿ ಹೆದ್ದಾರಿಗೆ ಬಂದ ಮೇಲೆ ಅವಳು ಕಿಟಕಿಯಾಚೆ ನೋಡುತ್ತ ಅಂದಳು.

“ಅವ್ನು ಕಾಲು ಮುರ್ಕಂಡಾಗ ನಂಗೆ ಫೋನು ಬಂತಲ್ಲ, ನಾನು ಮನ್ಯಾಗೆ ಒಬ್ಳೇ ಇದ್ದೆ. ನೀನು ಡ್ರೆಸ್ ಹೊಲ್ಸಾಕೆ ಹೋಗಿದ್ದೆ. ಆಗ ಯಶೋದ ಬಂದು ಪಕ್ಕದಾಗೆ ಕುಂತ್ಲು. ಅವ್ಳ ಗಂಡಂಗೂ ಏಟು ಬಿದ್ದಿತ್ತು. ಆದ್ರೂ ನನ್ನ ಪಕ್ಕದಾಗೆ ಕುಂತ್ಲು.”

ಸುಷ್ಮಿತಾ ಜಾರುತ್ತಿದ್ದ ಬುತ್ತಿಯ ಡಬ್ಬಿಗೆ ಕೈ ಕೊಟ್ಟು ಹಿಡಿದಳು.

“ನಾನೂ ನಿಂಗೆ ಹೇಳ್ದೆ ಕೇಳ್ದೆ ಕೊಡ್ಬಾರ್ದಿತ್ತು,” ಅಂದಳು ದುರುಗಕ್ಕ. “ಹತ್ತು ಜನಕ್ಕೆ ಕೊಟ್ಟು ಕೊಟ್ಟು ನಿನ್ನ ಬೀಗ ಹಾಕೋ ಹಂಗೆ ಮಾಡ್ದೆ.”

ಐಮಂಗಲದ ಬಳಿ ಬಸ್ಸು ನಿಧಾನವಾಯಿತು. ಅಷ್ಟು ಹೊತ್ತಿಗೆ ದುರುಗಕ್ಕನ ಫೋನು ಬಡಿದುಕೊಂಡಿತು. ಪಾಲಯ್ಯ. ಅವನು ಕೂಗುತ್ತಿದ್ದದ್ದು ಪಕ್ಕದ ಸೀಟಿನವರಿಗೂ ಕೇಳಿಸಿತು. ಕರೆಂಟು ಬಂದಿತ್ತು. ಇಡೀ ಹಟ್ಟಿಗೆ ಬಂದಿತ್ತು.

“ಬರ್ಲಿ,” ಅಂದಳು ದುರುಗಕ್ಕ. “ಮೊದ್ಲು ಮೋಟ್ರು ಹಾಕಿ ತೊಟ್ಟಿ ತುಂಬ್ಸ್ರಿ.”

ಆಸ್ಪತ್ರೆಯಲ್ಲಿ ಮಗುವಿನ ವಾರ್ಡಿನ ಹೊರಗೆ, ತಗಡಿನ ಚಪ್ಪರದ ಕೆಳಗೆ, ಚಾಪೆ ಹಾಸಿಕೊಂಡು ಊರೂರಿನ ಹೆಂಗಸರು ಕೂತಿದ್ದರು. ಯಶೋದಾ ಗೋಡೆಗೊರಗಿದ್ದಳು. ಮೂರು ದಿನಕ್ಕೆ ಹತ್ತು ವರ್ಷ ಕಳೆದವಳ ಹಾಗಿದ್ದಳು. ದುರುಗಕ್ಕನನ್ನು ಕಂಡು ಎದ್ದಳು. ಹಿಂದಿದ್ದ ಸುಷ್ಮಿತಾಳನ್ನು ಕಂಡು ಹಾಗೇ ನಿಂತಳು. ದುರುಗಕ್ಕ ಡಬ್ಬಿ ಹಿಡಿದುಕೊಂಡು ಸ್ವಾತಿಯ ವಾರ್ಡಿನ ಕಡೆ ನಡೆದಳು. ಬೇಕೆಂದೇ ಇಬ್ಬರನ್ನೂ ಬಿಟ್ಟು ಹೋದಳು.

ಚಪ್ಪರದ ಅಂಚಿನ ಬಿಸಿಲಲ್ಲಿ ನಿಂತುಕೊಂಡೇ ಸುಷ್ಮಿತಾ ಎಲ್ಲವನ್ನೂ ಹೇಳಿದಳು. ಕಿಟಕಿ ಮುಚ್ಚಿದ್ದು, ಹೆಸರು ನೋಡಿದ್ದು, ಒಂದು, ಎರಡು, ಮೂರು ಸಲ ಕಟ್ ಮಾಡಿದ್ದು, ಗಂಡ ಅಳಿಸಿದ್ದು. ಕ್ಯಾಮೆರಾ, ಕ್ವಾಲಿಟಿಯವರು, ಕೆಂಪು ಗುರುತು ಎಂಬ ಮಾತುಗಳು ನಾಲಗೆಯ ತುದಿಯವರೆಗೆ ಬಂದವು. ಆಡಲಿಲ್ಲ.

ಯಶೋದಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವ್ರು ಹೇಳಿದ್ರು ನಂಗೆ. ನಿನ್ನೇನೇ ಹೇಳಿದ್ರು,” ಅಂದಳು. “ಎಚ್ರ ಬಂದ ಮ್ಯಾಲೆ ಸ್ವಾತಿ ನನ್ನ ಕೇಳಿದ್ ಮೊದ್ಲು ಮಾತು ಏನ್ ಗೊತ್ತಾ? ಎಲ್ಲಿದ್ಯವ್ವ ಅಂತ. ಏನ್ ಹೇಳ್ಲಿ? ಕುರಿ ಹಿಂದೆ ಇದ್ದೆ ಅಂತ ಹೇಳ್ಲಾ?”

ಸುಷ್ಮಿತಾಳ ಕಣ್ಣಿಂದ ನೀರು ಇಳಿಯಿತು. ಯಶೋದಾ ಅದನ್ನು ಒರೆಸಲು ಬರಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಒಳಗಿನಿಂದ ನರ್ಸು ಬಂದು ಸ್ವಾತಿಯ ಮಗುವಿನ ಕಡೆಯವರು ಯಾರು, ಹಾಲು ಕುಡಿಸುವ ಹೊತ್ತಾಯಿತು, ತಾಯಿಯನ್ನು ಗಾಲಿ ಕುರ್ಚಿಯಲ್ಲಿ ಕರೆತನ್ನಿ, ತಳ್ಳುವುದಕ್ಕೆ ಇನ್ನೊಬ್ಬರು ಬೇಕು ಅಂದಳು.

ಯಶೋದಾ ಚಪ್ಪಲಿ ಮೆಟ್ಟಿಕೊಂಡು ಎರಡು ಹೆಜ್ಜೆ ಹೋದವಳು ನಿಂತಳು.

“ನಂಗೆ ಇನ್ನೂ ಸಿಟ್ಟು ಹೋಗಿಲ್ಲ. ಹೋಗ್ತೈತೋ ಇಲ್ವೋ ಅದೂ ಗೊತ್ತಿಲ್ಲ,” ಅಂದಳು ತಿರುಗದೆ. “ಬಿಸ್ಲಾಗೆ ಯಾಕೆ ನಿಂತಿದ್ದೀಯ? ಬಾ, ಕುರ್ಚಿ ಹಿಡ್ಕ.”